ಐಪಿಎಫ್ ಕಾಯಿಲೆಗೆ ಸ್ಟೀರಾಯ್ಡ್ ಯಾಕೆ ಕೊಡುವುದಿಲ್ಲ?

ತಂದೆಯವರಿಗೆ ಐಪಿಎಫ್ (ಇಡಿಯೋಪಥಿಕ್ ಪಲ್ಮನರಿ ಫೈಬ್ರೋಸಿಸ್, ಅಂದರೆ ಕಾರಣ ತಿಳಿಯದೆ ಶ್ವಾಸಕೋಶದಲ್ಲಿ ಗಾಯದ ಕಲೆ ಕಟ್ಟುವ ಕಾಯಿಲೆ) ಇದೆ, ಡಾಕ್ಟರ್ ಪಿರ್ಫೆನಿಡೋನ್ ಬರೆದಿದ್ದಾರೆ, ಕೋವಿಡ್‌ನಲ್ಲಿ ಜೀವ ಉಳಿಸಿದ ಸ್ಟೀರಾಯ್ಡ್ ಇದಕ್ಕೇಕೆ ಬೇಡ ಎಂದು ಕೇಳಿದ್ದೀರಿ. ಎರಡರಲ್ಲೂ ಕೆಡುವುದು ಶ್ವಾಸಕೋಶವೇ, ಆದರೆ ಕೆಡಿಸುವ ಸಂಕೇತಗಳು ಬೇರೆ.

ತೀವ್ರ ಕೋವಿಡ್‌ನಲ್ಲಿ ಐಎಲ್-6, ಐಎಲ್-1, ಟಿಎನ್‌ಎಫ್‌ನಂಥ ಸೈಟೊಕೈನ್‌ಗಳು, ಅಂದರೆ ಉರಿಯೂತ ಹಬ್ಬಿಸುವ ಸಂಕೇತ ಪ್ರೋಟೀನುಗಳು, ಉಕ್ಕುತ್ತವೆ. ರಕ್ತನಾಳ ಸೋರುತ್ತದೆ, ಗಾಳಿಚೀಲಗಳಲ್ಲಿ ನೀರು ಮತ್ತು ಬಿಳಿ ರಕ್ತಕಣ ತುಂಬುತ್ತವೆ. ಸ್ಟೀರಾಯ್ಡ್ ಈ ಸೈಟೊಕೈನ್‌ಗಳ ತಯಾರಿಕೆಯನ್ನೇ ತಗ್ಗಿಸುತ್ತದೆ. ಆಮ್ಲಜನಕ ಬೇಕಾದವರಿಗೆ ದಿನಕ್ಕೆ 6 ಮಿ.ಗ್ರಾಂ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್, ಹೆಚ್ಚೆಂದರೆ 10 ದಿನ, ಕೊಟ್ಟಿದ್ದು ಅದಕ್ಕೇ.

ಐಪಿಎಫ್‌ನಲ್ಲಿ ಮುಖ್ಯ ಪಾತ್ರ ಟಿಜಿಎಫ್-ಬೀಟಾ ಎಂಬ ಇನ್ನೊಂದು ಸಂಕೇತ ಪ್ರೋಟೀನಿನದು. ಅದು ಅಂಗಾಂಶದಲ್ಲಿ ಮೊದಲೇ ಶೇಖರವಾಗಿರುತ್ತದೆ, ಆದರೆ ಇನ್ನೊಂದು ಪ್ರೋಟೀನಿನ ಹಿಡಿತದಲ್ಲಿ ನಿಷ್ಕ್ರಿಯವಾಗಿ. ಗಾಳಿಚೀಲದ ಒಳಪದರಕ್ಕೆ ಮತ್ತೆ ಮತ್ತೆ ಗಾಯವಾದಾಗ ಅಲ್ಲಿನ ಕೋಶಗಳ ಮೇಲಿರುವ ಇಂಟೆಗ್ರಿನ್ ಎಂಬ ಕೊಕ್ಕೆಯಂಥ ಪ್ರೋಟೀನು ಆ ಹಿಡಿತವನ್ನು ಎಳೆದು ಬಿಡಿಸುತ್ತದೆ. ಬಿಡುಗಡೆಯಾದ ಟಿಜಿಎಫ್-ಬೀಟಾ ಫೈಬ್ರೊಬ್ಲಾಸ್ಟ್‌ಗಳನ್ನು (ಅಂಗಾಂಶದ ನಾರು ತಯಾರಿಸುವ ಕೋಶಗಳು) ಮಯೋಫೈಬ್ರೊಬ್ಲಾಸ್ಟ್‌ಗಳಾಗಿ (ಅಂಗಾಂಶವನ್ನು ಬಿಗಿಯಾಗಿ ಎಳೆಯುವ ಕೋಶಗಳು) ಬದಲಿಸುತ್ತದೆ, ಅವು ಕಲೆ ಕಟ್ಟುವ ನಾರು ಪ್ರೋಟೀನಾದ ಕೊಲಾಜೆನ್ ಸುರಿಯುತ್ತವೆ. ಅಂಗಾಂಶ ಬಿಗಿಯಾದಷ್ಟೂ ಎಳೆತ ಜೋರಾಗಿ ಇನ್ನಷ್ಟು ಟಿಜಿಎಫ್-ಬೀಟಾ ಹೊರಬರುತ್ತದೆ. ಅಂದರೆ ಉರಿಯೂತ ಹೆಚ್ಚಿಲ್ಲದಿದ್ದರೂ ಕಲೆ ತನ್ನಿಂದ ತಾನೇ ಬೆಳೆಯಬಲ್ಲದು. ಸ್ಟೀರಾಯ್ಡ್ ಈ ಚಕ್ರವನ್ನು ಮುರಿಯುವುದಿಲ್ಲ. ಐಪಿಎಫ್ ರೋಗಿಗಳಿಗೆ ಪ್ರೆಡ್ನಿಸೋನ್ (ಸ್ಟೀರಾಯ್ಡ್), ಅಜಥಿಯೋಪ್ರಿನ್ (ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ), ಎನ್-ಅಸಿಟೈಲ್‌ಸಿಸ್ಟೀನ್ ಮೂರನ್ನೂ ಒಟ್ಟಿಗೆ ಕೊಟ್ಟ ಪ್ರಯೋಗದಲ್ಲಿ ಸಾವು ಮತ್ತು ಆಸ್ಪತ್ರೆ ದಾಖಲಾತಿ ಹೆಚ್ಚಾದವು. ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ರೋಗ ದಿಢೀರ್ ಉಲ್ಬಣಿಸಿದಾಗ ಸ್ಟೀರಾಯ್ಡ್ ಕೊಡುವುದುಂಟು, ಅದು ಬೇರೆ ಸಂದರ್ಭ.

ಪಿರ್ಫೆನಿಡೋನ್ ಈಗಾಗಲೇ ಆದ ಕಲೆಯನ್ನು ಅಳಿಸುವುದಿಲ್ಲ, ಬೆಳವಣಿಗೆಯನ್ನು ನಿಧಾನಿಸುತ್ತದೆ. "ದಮ್ಮು ಕಡಿಮೆಯಾಗಲಿಲ್ಲ" ಎಂದು ದಯವಿಟ್ಟು ನಿಲ್ಲಿಸಬೇಡಿ. ಸಾಮಾನ್ಯವಾಗಿ 267 ಮಿ.ಗ್ರಾಂ. ದಿನಕ್ಕೆ ಮೂರು ಸಲ ಶುರುಮಾಡಿ, ಪ್ರತಿ ಸಲದ ಪ್ರಮಾಣವನ್ನು ಎರಡನೇ ವಾರ 534, ಮೂರನೇ ವಾರದಿಂದ 801 ಮಿ.ಗ್ರಾಂ.ಗೆ ಏರಿಸುತ್ತಾರೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಜಾಸ್ತಿ, ಊಟದ ಜೊತೆಗೇ ಕೊಡಿ. ಬಿಸಿಲಿಗೆ ಚರ್ಮ ಸುಡುತ್ತದೆ, ತುಂಬುತೋಳು ಮತ್ತು ಸನ್‌ಸ್ಕ್ರೀನ್ ಬೇಕು. ಲಿವರ್ ಪರೀಕ್ಷೆ ಮೊದಲ ಆರು ತಿಂಗಳು ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ಬೇರೆ ಡಾಕ್ಟರ್ ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ಬರೆದರೆ ಪಿರ್ಫೆನಿಡೋನ್ ತೆಗೆದುಕೊಳ್ಳುತ್ತಿರುವ ವಿಷಯ ತಿಳಿಸಿ, ಸಿಪ್ರೊಫ್ಲಾಕ್ಸಸಿನ್ ರಕ್ತದಲ್ಲಿ ಪಿರ್ಫೆನಿಡೋನ್ ಮಟ್ಟ ಏರಿಸುತ್ತದೆ.

ಒಂದನ್ನು ಮಾತ್ರ ಖಚಿತಪಡಿಸಿಕೊಳ್ಳಿ. ಪಾರಿವಾಳದ ಹಿಕ್ಕೆ, ಬೂಸ್ಟು ಹಿಡಿದ ಏರ್ ಕೂಲರ್‌ಗಳಿಂದ ಬರುವ ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ (ಶ್ವಾಸಕೋಶದ ಅಲರ್ಜಿಯಂಥ ಉರಿಯೂತ) ಕೂಡ ಸ್ಕ್ಯಾನ್‌ನಲ್ಲಿ ಐಪಿಎಫ್‌ನಂತೆ ಕಾಣಬಹುದು. ಅಲ್ಲಿ ಉರಿಯೂತವೇ ಮುಂದಾಳು, ಸ್ಟೀರಾಯ್ಡ್ ಕೆಲಸಕ್ಕೆ ಬರಬಹುದು, ಕಾರಣವನ್ನು ದೂರ ಮಾಡುವುದು ಅದಕ್ಕಿಂತ ಮುಖ್ಯ. ಬಾಲ್ಕನಿಯಲ್ಲಿ ಪಾರಿವಾಳ ಕೂರುತ್ತಿದ್ದರೆ, ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ.