ಆಕಾಶಗಂಗೆಯ ತುಂಬಾ ಗುಳ್ಳೆ: ಊದುವವರು ಯಾರು?

ಪ್ರಶ್ನೆ: ಸ್ಪಿಟ್ಜರ್ ಟೆಲಿಸ್ಕೋಪ್ ತೆಗೆದ ಆಕಾಶಗಂಗೆಯ ಚಿತ್ರಗಳಲ್ಲಿ ಎಲ್ಲಿ ನೋಡಿದರೂ ಹಸಿರು ಬಳೆಗಳು, ಒಳಗೆ ಕೆಂಪು. ಬಿಸಿಯಾದ ಎಳೆಯ ನಕ್ಷತ್ರಗಳು ಊದಿದ ಗುಳ್ಳೆಗಳು ಎಂದು ಕೆಳಗೆ ಬರೆದಿರುತ್ತಾರೆ. ಆ ಬಣ್ಣ ನಿಜವೇ? ನಕ್ಷತ್ರ ಊದುವುದು ಅಂದರೆ ಏನು? ನಮ್ಮ ಸೂರ್ಯನೂ ಊದುತ್ತಾನಾ?

ಉತ್ತರ: ಮೊದಲು ಬಣ್ಣದ ವಿಷಯ ಮುಗಿಸಿಬಿಡೋಣ. ಅದು ನಿಜವಾದ ಬಣ್ಣ ಅಲ್ಲ. 2003ರಿಂದ 2020ರ ಜನವರಿವರೆಗೆ ಕೆಲಸ ಮಾಡಿದ ನಾಸಾದ ಬಾಹ್ಯಾಕಾಶ ಟೆಲಿಸ್ಕೋಪ್ ಸ್ಪಿಟ್ಜರ್ ನೋಡುತ್ತಿದ್ದದ್ದು ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್) ಬೆಳಕನ್ನು. ನಮ್ಮ ಕಣ್ಣಿಗೆ ಕಾಣುವ ಬೆಳಕಿಗೆ ಆಕಾಶಗಂಗೆಯ ತಟ್ಟೆಯಲ್ಲಿರುವ ದೂಳನ್ನು ದಾಟಿ ಬರುವುದು ಕಷ್ಟ, ಅವಗೆಂಪಿಗೆ ಸುಲಭ. ಈ ಚಿತ್ರಗಳಲ್ಲಿ ಸಾಮಾನ್ಯವಾಗಿ 8 ಮೈಕ್ರಾನ್ ಉದ್ದದ ಅಲೆಗೆ ಹಸಿರು, 24 ಮೈಕ್ರಾನ್ ಉದ್ದದ ಅಲೆಗೆ ಕೆಂಪು ಹಚ್ಚಿರುತ್ತಾರೆ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ).

ಆದರೆ ಬಳೆಯ ಆಕಾರ ಯಾರೂ ಹಚ್ಚಿದ್ದಲ್ಲ. ಹಸಿರಾಗಿ ಕಾಣುವುದು ಒಂದು ಬಗೆಯ ಇಂಗಾಲದ ಅಣುಗಳು. ಗಾಡಿಯ ಹೊಗೆಯಲ್ಲೂ ಇದೇ ಜಾತಿಯ ಅಣುಗಳಿರುತ್ತವೆ. ನಕ್ಷತ್ರದ ಹತ್ತಿರ ಇವು ಉಳಿಯುವುದಿಲ್ಲ, ಅತಿನೇರಳೆ ಕಿರಣ ಪುಡಿ ಮಾಡಿಬಿಡುತ್ತದೆ. ತುಂಬಾ ದೂರದಲ್ಲಿ ಇವನ್ನು ಬೆಳಗಿಸುವಷ್ಟು ಕಿರಣ ಇಲ್ಲ. ನಡುವಿನ ಅಂಚಿನಲ್ಲಿ ಮಾತ್ರ ಸಾಯದೆ ಹೊಳೆಯುತ್ತವೆ. ಒಳಗಿನ ಕೆಂಪು ಅಂದರೆ ಬಿಸಿ ದೂಳು.

ಇಂಥ ಗುಳ್ಳೆಗಳು ಎಷ್ಟಿವೆ ಅಂತ ಯಾರಿಗೂ ಅಂದಾಜಿರಲಿಲ್ಲ. 2006ರಲ್ಲಿ ಖಗೋಳ ವಿಜ್ಞಾನಿ ಎಡ್ವರ್ಡ್ ಚರ್ಚ್‌ವೆಲ್ ಅವರ ತಂಡ ಚಿತ್ರಗಳನ್ನು ಕಣ್ಣಲ್ಲೇ ನೋಡಿ 322 ಗುಳ್ಳೆ ಪಟ್ಟಿ ಮಾಡಿತು. ಮರುವರ್ಷ ಆಕಾಶಗಂಗೆಯ ನಡುಭಾಗದ ಕಡೆ ಇನ್ನೂ 269 ಸಿಕ್ಕವು. ಆಮೇಲೆ ಮಿಲ್ಕಿ ವೇ ಪ್ರಾಜೆಕ್ಟ್ ಅಂತ ಶುರುವಾಯಿತು. ಅದರಲ್ಲಿ 35,000ಕ್ಕೂ ಹೆಚ್ಚು ಜನಸಾಮಾನ್ಯರು ತಮ್ಮ ಕಂಪ್ಯೂಟರಿನಲ್ಲಿ ಚಿತ್ರ ನೋಡಿ ಬಳೆಗಳನ್ನು ಗುರುತಿಸಿದರು. 2012ರ ಹೊತ್ತಿಗೆ ಲೆಕ್ಕ 5,106! ಅರ್ಧ ಮುರಿದ, ಒಂದರ ಮೇಲೊಂದು ಬಿದ್ದ ಬಳೆಗಳನ್ನು ಹುಡುಕುವುದರಲ್ಲಿ ಮನುಷ್ಯನ ಕಣ್ಣು ಜೋರು.

ಈಗ ಊದುವ ವಿಷಯ. ಇದು ದೊಡ್ಡ ನಕ್ಷತ್ರಗಳ ಕೆಲಸ. ಇವುಗಳಲ್ಲಿ ಓ ಜಾತಿಯವು ಅತಿ ಬಿಸಿ: ಮೇಲ್ಮೈಯಲ್ಲೇ 30,000 ಡಿಗ್ರಿಗಿಂತ ಜಾಸ್ತಿ. ಸೂರ್ಯನದು ಸುಮಾರು 5,500 ಅಷ್ಟೇ. ಅಂಥ ನಕ್ಷತ್ರ ಹುಟ್ಟುವುದು ಕೊರೆಯುವ ಚಳಿಯ ಮೋಡದೊಳಗೆ. ಅದರ ಅತಿನೇರಳೆ ಕಿರಣ ಸುತ್ತಲಿನ ಹೈಡ್ರೋಜನ್ನಿನಿಂದ ಎಲೆಕ್ಟ್ರಾನನ್ನು ಕಿತ್ತು ಹಾಕುತ್ತದೆ. ಅನಿಲ ಸುಮಾರು 10,000 ಡಿಗ್ರಿಗೆ ಏರುತ್ತದೆ. ಎಣ್ಣೆಗೆ ಬಿದ್ದ ಪೂರಿಯನ್ನು ಯಾರೂ ಊದುವುದಿಲ್ಲ, ಒಳಗಿನ ಹಬೆ ತಳ್ಳಿ ಅದು ತಾನೇ ಉಬ್ಬುತ್ತದೆ ಅಲ್ವಾ? ಇಲ್ಲೂ ಹಾಗೆಯೇ. ಒಳಗಿನ ಒತ್ತಡ ಹೊರಗಿನ ತಣ್ಣನೆಯ ಅನಿಲವನ್ನು ಸೆಕೆಂಡಿಗೆ ಕೆಲವು ಕಿಲೋಮೀಟರ್ ವೇಗದಲ್ಲಿ ತಳ್ಳುತ್ತಾ ಹೋಗುತ್ತದೆ.

ಬಹಳ ಕಾಲ ಹೆಚ್ಚಿನ ಗುಳ್ಳೆಗಳಿಗೆ ಈ ವಿವರಣೆಯೇ ಸಾಕು ಎನ್ನುವವರು ಜಾಸ್ತಿ ಇದ್ದರು. ಆದರೆ ಇಂಥ ನಕ್ಷತ್ರಗಳು ನಿಜವಾಗಿಯೂ ಊದುತ್ತವೆ! ಅವುಗಳ ಮೈಯಿಂದ ಸೆಕೆಂಡಿಗೆ 1,000–3,000 ಕಿಲೋಮೀಟರ್ ವೇಗದಲ್ಲಿ ಕಣಗಳ ಗಾಳಿ ಹೊರಡುತ್ತದೆ. ವಿಮಾನದಲ್ಲಿ ಕೂರಿಸಿದ್ದ ಸೋಫಿಯಾ ಎಂಬ ಟೆಲಿಸ್ಕೋಪ್ ಈ ಗಾಳಿಯ ಪರವಾಗಿ ಗಟ್ಟಿ ಸಾಕ್ಷಿ ಕೊಟ್ಟಿತು. ಮಹಾವ್ಯಾಧನ (ಓರಿಯನ್) ನೀಹಾರಿಕೆಯಲ್ಲಿ ಅನಿಲದ ಒಂದು ದೊಡ್ಡ ಚಿಪ್ಪು ಸೆಕೆಂಡಿಗೆ 13 ಕಿಲೋಮೀಟರ್ ವೇಗದಲ್ಲಿ ಹಿಗ್ಗುತ್ತಿದೆ, ಅದನ್ನು ತಳ್ಳುತ್ತಿರುವುದು ಒಂದೇ ನಕ್ಷತ್ರದ ಗಾಳಿ ಎಂದು 2019ರಲ್ಲಿ ವರದಿಯಾಯಿತು. ವೃಶ್ಚಿಕ ರಾಶಿಯ ಆರ್‌ಸಿಡಬ್ಲ್ಯು 120 ಎಂಬ ಗುಳ್ಳೆಯದೂ ಇದೇ ಕಥೆ. ಅದರ ಚಿಪ್ಪಿನ ವೇಗ ಸೆಕೆಂಡಿಗೆ 15 ಕಿಲೋಮೀಟರ್, ವಯಸ್ಸು 1.5 ಲಕ್ಷ ವರ್ಷಕ್ಕಿಂತ ಕಡಿಮೆ. ಆಕಾಶದ ಲೆಕ್ಕದಲ್ಲಿ ಇನ್ನೂ ಹಸುಗೂಸು. ಶಾಖ, ಗಾಳಿ ಎರಡೂ ಕೆಲಸ ಮಾಡುತ್ತವೆ, ಎಳೆಯ ಗುಳ್ಳೆಯಲ್ಲಿ ಗಾಳಿಯ ಕೈ ಮೇಲು ಅನ್ನುವುದು ನನ್ನ ಅಭಿಪ್ರಾಯ. (ಮಹಾವ್ಯಾಧನ ನೀಹಾರಿಕೆ ನೋಡಲು ಟೆಲಿಸ್ಕೋಪ್ ಬೇಕಿಲ್ಲ. ಚಳಿಗಾಲದ ರಾತ್ರಿ ಸೊಂಟದ ಮೂರು ನಕ್ಷತ್ರಗಳಿಂದ ಸ್ವಲ್ಪ ದಕ್ಷಿಣಕ್ಕೆ ಮಸುಕಾಗಿ ಕಾಣುತ್ತದಲ್ಲ, ಅದೇ. ಚಿಪ್ಪು ಮಾತ್ರ ಹಾಗೆ ಕಾಣದು.)

ಗುಳ್ಳೆ ಅಂದಮೇಲೆ ಚೆಂಡಿನ ಹಾಗೆ ಇರಬೇಕು ಎನ್ನುವುದೂ ಖಾತ್ರಿಯಿಲ್ಲ. 2010ರಲ್ಲಿ 43 ಗುಳ್ಳೆಗಳನ್ನು ಹವಾಯಿಯ ಟೆಲಿಸ್ಕೋಪಿನಿಂದ ಪರೀಕ್ಷಿಸಿದರು. ಚೆಂಡಾಗಿದ್ದರೆ ನಮ್ಮ ಕಡೆಯ ಮತ್ತು ಆಚೆ ಕಡೆಯ ಗೋಡೆಗಳಲ್ಲೂ ತಣ್ಣನೆಯ ಅನಿಲ ಸಿಗಬೇಕಿತ್ತು. ಹೆಚ್ಚಿನವುಗಳಲ್ಲಿ ಸಿಗಲೇ ಇಲ್ಲ. ಮೋಡವೇ ಹಾಳೆಯಂತೆ ಚಪ್ಪಟೆಯಾಗಿದ್ದರೆ ಗುಳ್ಳೆ ಅದನ್ನು ಎರಡೂ ಕಡೆ ತೂತು ಮಾಡಿ ಬಳೆ ಮಾತ್ರ ಉಳಿಯುತ್ತದೆ. ಆದರೆ ಆರ್‌ಸಿಡಬ್ಲ್ಯು 120ರಲ್ಲಿ ಸೋಫಿಯಾ ಕಂಡದ್ದು ನಮ್ಮ ಕಡೆಗೇ ನುಗ್ಗಿ ಬರುವ ಗೋಡೆ. ಹಾಗಾಗಿ ಎಲ್ಲವನ್ನೂ ಒಂದೇ ಅಚ್ಚಿಗೆ ಹಾಕುವುದು ಬೇಡ.

ತಳ್ಳಿಸಿಕೊಂಡ ಅನಿಲ ಅಂಚಿನಲ್ಲಿ ದಟ್ಟವಾಗುತ್ತದೆ, ಅಲ್ಲೇ ಹೊಸ ನಕ್ಷತ್ರಗಳು ಹುಟ್ಟಬಹುದು. ಆರ್‌ಸಿಡಬ್ಲ್ಯು 120ರ ಅಂಚಿನಲ್ಲಿ ಸೂರ್ಯನ ಎಂಟು ಪಟ್ಟು ತೂಕದ ಭ್ರೂಣ ನಕ್ಷತ್ರವೊಂದನ್ನು ಹರ್ಷೆಲ್ ದೂರದರ್ಶಕ ಪತ್ತೆ ಹಚ್ಚಿತ್ತು. ನಮ್ಮ ಗ್ಯಾಲಕ್ಸಿಯ ಭಾರೀ ನಕ್ಷತ್ರಗಳಲ್ಲಿ ಶೇ 14ರಿಂದ 30ರಷ್ಟು ಹೀಗೆ ಹುಟ್ಟಿರಬಹುದು ಎಂಬ ಅಂದಾಜೂ ಇದೆ. ಆದರೆ ಅಂಚಿನಲ್ಲಿ ಸಿಕ್ಕಿದ ಮಾತ್ರಕ್ಕೆ ಗುಳ್ಳೆಯೇ ಹುಟ್ಟಿಸಿತು ಅನ್ನಲಾಗದು. ಗುಳ್ಳೆ ಬರುವ ಮೊದಲೇ ಅಲ್ಲಿ ಬೀಜ ಬಿದ್ದಿರಬಹುದು.

ಇನ್ನು ಸೂರ್ಯ. ಅವನೂ ಊದುತ್ತಾನೆ, ಆದರೆ ಬಡಪಾಯಿ ಲೆಕ್ಕದಲ್ಲಿ. ಅವನ ಗಾಳಿಯ, ಅಂದರೆ ಸೌರಮಾರುತದ, ವೇಗ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್. ಅದು ಮಾಡಿದ ಗುಳ್ಳೆಯ ಅಂಚನ್ನು ವಾಯೇಜರ್ 1 ನೌಕೆ 2012ರ ಆಗಸ್ಟ್‌ನಲ್ಲಿ ದಾಟಿತು, ಸೂರ್ಯನಿಂದ ಸುಮಾರು 1,800 ಕೋಟಿ ಕಿಲೋಮೀಟರ್ ದೂರದಲ್ಲಿ. ಆರ್‌ಸಿಡಬ್ಲ್ಯು 120ರ ಅಗಲವನ್ನು ಜ್ಯೋತಿರ್ವರ್ಷಗಳಲ್ಲಿ ಅಳೆಯಬೇಕು. ಸೂರ್ಯನಿಂದ ಅವನ ಗುಳ್ಳೆಯ ಈ ಅಂಚಿಗೆ ಒಂದು ಜ್ಯೋತಿರ್ದಿನವೂ (ಬೆಳಕು ಒಂದು ದಿನದಲ್ಲಿ ಸಾಗುವ ದೂರ) ಆಗುವುದಿಲ್ಲ.

ಇದರ ಜೊತೆಗೆ ನಾವು ಇನ್ನೊಂದು, ತುಂಬಾ ದೊಡ್ಡ ಗುಳ್ಳೆಯೊಳಗೂ ಇದ್ದೇವೆ. ಸುಮಾರು 1,000 ಜ್ಯೋತಿರ್ವರ್ಷ ಅಗಲದ ಇದನ್ನು ಊದಿದ್ದು ಸಾಯುವ ನಕ್ಷತ್ರಗಳು: 1.4 ಕೋಟಿ ವರ್ಷಗಳ ಹಿಂದಿನಿಂದ ಸಿಡಿದ ಸುಮಾರು 15 ಸೂಪರ್‌ನೋವಾಗಳು. ನಮ್ಮ ಅಕ್ಕಪಕ್ಕ ನಕ್ಷತ್ರ ಹುಟ್ಟುವ ಮೋಡಗಳು ಬಹುತೇಕ ಇದರ ಮೈಮೇಲೇ ಇವೆ ಎಂದು 2022ರಲ್ಲಿ ತೋರಿಸಿದರು. ಸೂರ್ಯ ಮಾತ್ರ ಇದರಲ್ಲಿ ಹುಟ್ಟಿದವನಲ್ಲ. ತನ್ನ ಪಾಡಿಗೆ ಗ್ಯಾಲಕ್ಸಿ ಸುತ್ತುತ್ತಾ ಸುಮಾರು 50 ಲಕ್ಷ ವರ್ಷಗಳ ಹಿಂದೆ ಒಳಗೆ ಬಂದವನು.