ಪ್ರತಿಕ್ರಿಯೆ: ನೆಟ್ ಇಲ್ಲದ ಲ್ಯಾಪ್‌ಟಾಪಲ್ಲಿ ಯುಎಸ್‌ಬಿ ಪೋರ್ಟ್ ಸತ್ತಿದ್ರೆ
ಮೂರೂ ಪೋರ್ಟ್ ಒಟ್ಟಿಗೇ ಹೋಗಿದೆ, ಈ ಲ್ಯಾಪ್‌ಟಾಪಿಗೆ ನೆಟ್ ಕೊಡೋ ಹಾಗಿಲ್ಲ, ಡ್ರೈವರ್ (ಪೋರ್ಟ್ ನಡೆಸೋ ಸಾಫ್ಟ್‌ವೇರ್) ಹೆಂಗೆ ಹಾಕ್ಲಿ ಅಂತ ಕೇಳಿದೀರಲ್ಲ, ಡ್ರೈವರ್ ಹುಡುಕೋಕೆ ಮುಂಚೆ ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೀರಿ, ಬ್ಯಾಟರಿ ಬಿಚ್ಚೋಕೆ ಬಂದ್ರೆ ಅದನ್ನೂ ತೆಗೆದು ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡ್ಕೊಳ್ಳಿ. ಎಲ್ಲಾ ಪೋರ್ಟ್ ಒಂದೇ ಸಲ ಸತ್ತಾಗ ಎಷ್ಟೋ ಸಲ ಇಷ್ಟಕ್ಕೇ ಸರಿ ಹೋಗತ್ತೆ, ನಗಬೇಡಿ.

ಆಗ್ಲಿಲ್ವಾ, ವಿಂಡೋಸಲ್ಲಿ ಹಾರ್ಡ್‌ವೇರ್ ಪಟ್ಟಿ ತೋರಿಸೋ ಡಿವೈಸ್ ಮ್ಯಾನೇಜರಲ್ಲಿ ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್ ಕೆಳಗಿರೋ ಹೋಸ್ಟ್ ಕಂಟ್ರೋಲರ್ (ಪೋರ್ಟ್‌ಗಳನ್ನ ನಡೆಸೋ ಭಾಗ) ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ, ವಿಂಡೋಸ್ ತನ್ನ ಹತ್ರ ಇರೋ ಡ್ರೈವರನ್ನೇ ಮತ್ತೆ ಹಾಕ್ಕೊಳ್ಳತ್ತೆ, ನೆಟ್ ಬೇಕಾಗಲ್ಲ. ಆದ್ರೆ ಡ್ರೈವರ್ ಸಾಫ್ಟ್‌ವೇರ್ ಕೂಡ ಡಿಲೀಟ್ ಮಾಡ್ಲಾ ಅಂತ ಒಂದು ಟಿಕ್ ಬಾಕ್ಸ್ ಬಂದ್ರೆ ಅದನ್ನ ಮಾತ್ರ ಮುಟ್ಟಬೇಡಿ, ಆಫ್‌ಲೈನ್ ಮಷೀನಲ್ಲಿ ಅದು ಹೋದ್ರೆ ನಿಜವಾದ ತಲೆನೋವು ಶುರು. ಹಾಗೇ ಅದೇ ಪಟ್ಟಿಯಲ್ಲಿರೋ ರೂಟ್ ಹಬ್ ಪ್ರಾಪರ್ಟೀಸಲ್ಲಿ ಪವರ್ ಮ್ಯಾನೇಜ್‌ಮೆಂಟ್ ಅಂತ ಇರತ್ತೆ, ಪವರ್ ಉಳಿಸೋಕೆ ಆಫ್ ಮಾಡೋ ಟಿಕ್ ತೆಗೆದುಬಿಡಿ.

ವಿಂಡೋಸ್ 7 ಆಗಿದ್ರೆ ಕಥೆ ಬೇರೆ, ಅದ್ರಲ್ಲಿ ಯುಎಸ್‌ಬಿ 3.0 ಡ್ರೈವರ್ ಮೊದಲಿಂದಲೇ ಇಲ್ಲ, ಲ್ಯಾಪ್‌ಟಾಪ್ ಕಂಪನಿ ಸೈಟಿಂದ ಬೇರೆ ಕಂಪ್ಯೂಟರಲ್ಲಿ ಇಳಿಸ್ಕೊಂಡು ಎಸ್‌ಡಿ ಕಾರ್ಡಲ್ಲೋ ಡಿವಿಡಿಯಲ್ಲೋ ತರಬೇಕು. ಎಸ್‌ಡಿ ಸ್ಲಾಟೂ ಕೆಲಸ ಮಾಡ್ತಿಲ್ಲ ಅಂದ್ರೆ ಆಶ್ಚರ್ಯ ಪಡಬೇಡಿ, ಕೆಲವು ಲ್ಯಾಪ್‌ಟಾಪಲ್ಲಿ ಅದೂ ಒಳಗಡೆ ಯುಎಸ್‌ಬಿ ಮೇಲೇ ಓಡೋದು. ಆಗ ಇನ್ನೊಂದು ಕಂಪ್ಯೂಟರಿಂದ ನೇರ ಲ್ಯಾನ್ ಕೇಬಲ್ ಹಾಕಿ ಫೋಲ್ಡರ್ ಶೇರ್ ಮಾಡಿ, ಇಂಟರ್ನೆಟ್ ಮುಟ್ಟೋದೇ ಬೇಡ.

ಕೊನೇದಾಗಿ ಬಯೋಸ್ (ವಿಂಡೋಸ್‌ಗೂ ಮುಂಚೆ ತೆರೆಯೋ ಸೆಟ್ಟಿಂಗ್ಸ್) ನೋಡಿ, ಅಲ್ಲಿ ಯುಎಸ್‌ಬಿ ಡಿಸೇಬಲ್ ಆಗಿರಬಹುದು. ಆನ್ ಇದ್ದೂ ಬೂಟ್ ಮೆನುವಲ್ಲಿ (ಯಾವುದರಿಂದ ಕಂಪ್ಯೂಟರ್ ಶುರುವಾಗಬೇಕು ಅಂತ ಆರಿಸೋ ಪಟ್ಟಿ) ಬೂಟೆಬಲ್ ಪೆನ್‌ಡ್ರೈವ್ ಕಾಣಿಸದೇ ಇದ್ರೆ ಬಹುಶಃ ಮದರ್‌ಬೋರ್ಡಿನ ತೊಂದರೆ, ಡ್ರೈವರ್ ಹಿಂದೆ ಬೀಳಬೇಡಿ. ಪೋರ್ಟ್ ಒಳಗೆ ಟಾರ್ಚ್ ಹಾಕಿ ನೋಡಿದ್ರಾ? ಪಿನ್ ಬಗ್ಗಿದ್ಯಾ ಹೇಳಿ.