ಹಳೆಯ ಕಂಪ್ಯೂಟರ್‌ಗೆ ಯಾವ ಬ್ರೌಸರ್ ಭದ್ರ?

ಪ್ರಶ್ನೆ: ಮನೆಯಲ್ಲಿರುವುದು ವಿಂಡೋಸ್ 7ರ ಡೆಸ್ಕ್‌ಟಾಪ್, 4 ಜಿಬಿ ರ್ಯಾಮ್. ಕ್ರೋಮ್ ಅಪ್‌ಡೇಟ್ ಆಗುತ್ತಿಲ್ಲ. ಈಚೆಗೆ ಯಾವ ಸೈಟ್ ತೆರೆದರೂ ‘ಸಂಪರ್ಕ ಸುರಕ್ಷಿತವಲ್ಲ’ ಎಂದು ಎಚ್ಚರಿಕೆ ಬರುತ್ತಿದೆ. ಯಾವ ಬ್ರೌಸರ್ ಹಾಕಿಕೊಂಡರೆ ಒಳ್ಳೆಯದು? ಇದರಲ್ಲಿ ಬ್ಯಾಂಕ್ ವ್ಯವಹಾರ ಮಾಡಬಹುದೇ?

ಉತ್ತರ: ಎಚ್ಚರಿಕೆಯ ವಿಷಯ ಮೊದಲು. ಎಲ್ಲ ಸೈಟ್‌ಗಳಲ್ಲೂ ಬರುತ್ತಿದೆ ಎಂದರೆ ಬ್ರೌಸರನ್ನು ದೂರುವ ಮುನ್ನ ಪರದೆಯ ಬಲಮೂಲೆಯಲ್ಲಿ ದಿನಾಂಕ ನೋಡಿ. ವರ್ಷವೇ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡ್ ಮೇಲಿನ ಗಡಿಯಾರ ನಡೆಸುವ ಬಿಲ್ಲೆಯಂಥ ಸೆಲ್ ಸೊರಗಿದೆ. ಪ್ರತಿ ಸೈಟ್ ತನ್ನ ಗುರುತಿಗೆಂದು ತೋರಿಸುವ ಪ್ರಮಾಣಪತ್ರಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಕಂಪ್ಯೂಟರ್ ತಾನಿನ್ನೂ 2010ರಲ್ಲಿದ್ದೇನೆ ಅಂದುಕೊಂಡಿದ್ದರೆ ಅದರ ಲೆಕ್ಕದಲ್ಲಿ ಆ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲ. ಎಚ್ಚರಿಕೆ ದಾಟಿ ಮುಂದೆ ಹೋಗುವುದನ್ನು ಮಾತ್ರ ರೂಢಿ ಮಾಡಿಕೊಳ್ಳಬೇಡಿ. ನಿಜವಾದ ಅಪಾಯ ಬಂದಾಗಲೂ ಬೆರಳು ಅಲ್ಲಿಗೇ ಹೋಗುತ್ತದೆ.

ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಇರುವುದು 3 ವೋಲ್ಟಿನ ಸಿಆರ್2032 ಸೆಲ್. ತೆಗೆಯುವ ಮೊದಲು ಬಯೋಸ್‌ಗೆ (ವಿಂಡೋಸ್ ಏಳುವ ಮುನ್ನ ತೆರೆಯುವ, ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಗೆ) ಹೋಗಿ, ಡಿಸ್ಕಿನ ಜತೆ ಮಾತಾಡುವ ರೀತಿಯಾದ ಸಾಟಾ ಮೋಡ್ ಎಎಚ್‌ಸಿಐ ಇದೆಯೋ ಐಡಿಇ ಇದೆಯೋ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಸೆಲ್ ಕಿತ್ತಾಗ ಅದು ಬದಲಾಗಿಬಿಟ್ಟರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಂತುಬಿಡಬಹುದು. ಜನ ಹಾರ್ಡ್ ಡಿಸ್ಕೇ ಹೋಯಿತೆಂದು ಗಾಬರಿಯಾಗುವುದು ಇಲ್ಲೇ. ಪವರ್ ವೈರ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು ಒಳಗುಳಿದ ವಿದ್ಯುತ್ ಖಾಲಿ ಮಾಡಿ. ಪಕ್ಕದ ಕ್ಲಿಪ್ ಸರಿಸಿದರೆ ಸೆಲ್ ಮೇಲೆದ್ದು ಬರುತ್ತದೆ. ಹೊಸದನ್ನು ಹಳೆಯದು ಕೂತಿದ್ದ ದಿಕ್ಕಿನಲ್ಲೇ ಕೂರಿಸಿ, ಬಯೋಸ್‌ನಲ್ಲಿ ದಿನಾಂಕ ತುಂಬಿ.

ದಿನಾಂಕ ಸರಿಯಿದ್ದೂ ಎಚ್ಚರಿಕೆ ಬರುವುದಾದರೆ ಯಾರು ಕೊಟ್ಟ ಪ್ರಮಾಣಪತ್ರ ನಂಬಬೇಕೆಂದು ಹೇಳುವ, ವಿಂಡೋಸ್ ಒಳಗಿನ ಮೂಲ ಪ್ರಮಾಣಪತ್ರಗಳ ಪಟ್ಟಿ ಹಳತಾಗಿರಬಹುದು, ಇಲ್ಲವೇ ಆಂಟಿವೈರಸ್ ನಡುವೆ ನಿಂತು ತನ್ನ ಪ್ರಮಾಣಪತ್ರ ತೋರಿಸುತ್ತಿರಬಹುದು. ಫೈರ್‌ಫಾಕ್ಸ್ ತನ್ನ ಪಟ್ಟಿಯನ್ನು ತಾನೇ ಹೊತ್ತು ತರುವುದರಿಂದ ಮೊದಲನೆಯ ತೊಂದರೆ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ.

ಬ್ರೌಸರ್ ಆರಿಸುವಾಗ ಹೆಸರು ನೋಡಬೇಡಿ. ನಿಮ್ಮ ವಿಂಡೋಸ್‌ಗೆ ಅದು ಇವತ್ತಿಗೂ ಭದ್ರತಾ ಅಪ್‌ಡೇಟ್ ಕೊಡುತ್ತಿದೆಯೇ ನೋಡಿ. ವಿಂಡೋಸ್ 7 ಮತ್ತು 8.1ರಲ್ಲಿ ಓಡುವ ಕೊನೆಯ ಕ್ರೋಮ್ 109, ಬಂದದ್ದು 2023ರ ಜನವರಿಯಲ್ಲಿ. ಎಡ್ಜ್ ಕೂಡ 109ಕ್ಕೇ ನಿಂತಿತು. ನಿಮಗುಳಿದಿರುವ ದಾರಿ ಫೈರ್‌ಫಾಕ್ಸ್‌ನ 115 ಇಎಸ್ಆರ್ (ದೀರ್ಘಕಾಲ ಭದ್ರತಾ ಅಪ್‌ಡೇಟ್ ಸಿಗುವ) ಆವೃತ್ತಿ. ಹಳೆಯ ವಿಂಡೋಸ್‌ಗಳಿಗಾಗಿ ಅದರ ಭದ್ರತಾ ಅಪ್‌ಡೇಟ್ ನಿಲ್ಲಿಸುವ ದಿನವನ್ನು ಅದರ ತಯಾರಕ ಸಂಸ್ಥೆ ಮೊಜಿಲ್ಲಾ ಮತ್ತೆ ಮತ್ತೆ ಮುಂದೂಡಿದೆ. ಮೆನುವಿನಲ್ಲಿ ಹೆಲ್ಪ್, ಅಲ್ಲಿಂದ ಅಬೌಟ್ ಫೈರ್‌ಫಾಕ್ಸ್ ಒತ್ತಿದರೆ ನಿಮ್ಮಲ್ಲಿರುವ ಸಂಖ್ಯೆ ಕಾಣುತ್ತದೆ. ಅದು 115.13ಕ್ಕಿಂತ ಹಳೆಯದಾಗಿದ್ದರೆ ಹಾಗೆಯೇ ಬಿಡಬೇಡಿ: 2025ರ ಮಾರ್ಚ್ 14ರಂದು ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿದು, ಅಂಥ ಆವೃತ್ತಿಗಳಲ್ಲಿ ಆಡ್‌ಆನ್‌ಗಳು (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳು) ಕೈಕೊಡುತ್ತವೆ. ಹಾಕಿಕೊಳ್ಳಬೇಕಾದ ಆಡ್‌ಆನ್ ಒಂದೇ, ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್. ಜಾಹೀರಾತು ನಿಂತರೆ ರ್ಯಾಮ್‌ಗೂ ಉಸಿರಾಡಲು ಜಾಗ ಸಿಗುತ್ತದೆ. ಪ್ರೈವಸಿ ಸೆಟ್ಟಿಂಗ್‌ನಲ್ಲಿ ಸುರಕ್ಷಿತ ಸಂಪರ್ಕದಲ್ಲಷ್ಟೇ ಸೈಟ್ ತೆರೆಯುವ ಎಚ್‌ಟಿಟಿಪಿಎಸ್ ಓನ್ಲಿ ಮೋಡ್ ಆನ್ ಮಾಡಿ. ನೋಟಿಫಿಕೇಶನ್ ಕೇಳುವ ಸೈಟ್‌ಗಳನ್ನೆಲ್ಲ ಅಲ್ಲೇ ಬ್ಲಾಕ್ ಮಾಡಿ. ಮೂಲೆಯಲ್ಲಿ ‘ವೈರಸ್ ಬಂದಿದೆ’ ಎಂದು ಹೆದರಿಸುವ ಚೌಕಗಳಲ್ಲಿ ಬಹಳಷ್ಟು ಹೀಗೆ ಒಪ್ಪಿಗೆ ಪಡೆದು ಬಂದಂಥವೇ.

ಬ್ಯಾಂಕ್ ವ್ಯವಹಾರ? ಬೇಡ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ಫೈಲ್ ಮುಟ್ಟುವುದಿರಲಿ, ನೆಟ್‌ವರ್ಕ್ ಇರಲಿ, ಬ್ರೌಸರ್ ಎಲ್ಲಕ್ಕೂ ವಿಂಡೋಸನ್ನೇ ಕೇಳಬೇಕು. ಆ ಪದರದಲ್ಲಿ ತೂತು ಇದ್ದರೆ ಬ್ರೌಸರ್ ಎಷ್ಟೇ ಹೊಸದಾದರೂ ತಡೆಯಲಾರದು. ವಿಂಡೋಸ್ 10 ಹಾಕಿಸುತ್ತೇನೆಂದು ಹೊರಡಬೇಡಿ. ಅದರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ನಿಂತಿತು.

ನಮ್ಮ ಸಲಹೆ, ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಪುಕ್ಕಟೆ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಕನಿಷ್ಠ 2 ಜಿಬಿ ರ್ಯಾಮ್ ಕೇಳುತ್ತದೆ, 4 ಇದ್ದರೆ ಆರಾಮ. ಪ್ರೊಸೆಸರ್ ಮಾತ್ರ 64 ಬಿಟ್ ಆಗಿರಬೇಕು. ಇಳಿಸಿಕೊಂಡ ಮಿಂಟ್ ಫೈಲನ್ನು 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಎಂಬ ತಂತ್ರಾಂಶದಿಂದ ಬರೆಯಿರಿ. ರೂಫಸ್‌ನ ಹೊಸ ಆವೃತ್ತಿ ವಿಂಡೋಸ್ 7ರಲ್ಲಿ ತೆರೆಯುವುದೇ ಇಲ್ಲ, 3.22 ಹುಡುಕಿ ಇಳಿಸಿಕೊಳ್ಳಿ. ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ ವೈಫೈ, ಸ್ಪೀಕರ್, ಪ್ರಿಂಟರ್ ಓಡುತ್ತವೆಯೇ ನೋಡಿ. ಡಿಸ್ಕ್ ಮುಟ್ಟದೆ ಇಷ್ಟೂ ಮಾಡಬಹುದು. ಇನ್‌ಸ್ಟಾಲ್ ಮಾಡುವಾಗ ‘ಇರೇಸ್ ಡಿಸ್ಕ್’ ಆರಿಸಿದಿರೋ, ಫೋಟೊ ಸಮೇತ ಎಲ್ಲವೂ ಹೋಗುತ್ತದೆ. ಬ್ಯಾಕಪ್ ಬೇರೆ ಡಿಸ್ಕಿನಲ್ಲಿರಲಿ, ಅದನ್ನು ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆದು ನೋಡಿದ ಮೇಲೆಯೇ ಮುಂದುವರಿಯಿರಿ.

ಪ್ರಶ್ನೆ: ಪ್ರೈವೇಟ್ ವಿಂಡೋ ಬಳಸಿದರೆ, ವಿಳಾಸದ ಪಕ್ಕ ಬೀಗದ ಗುರುತು ಇದ್ದರೆ ಸಾಲದೇ?

ಉತ್ತರ: ಪ್ರೈವೇಟ್ ವಿಂಡೋ ಮುಚ್ಚಿದಾಗ ಹಿಸ್ಟರಿ, ಕುಕಿಗಳು ಅಳಿಯುತ್ತವೆ, ಅಷ್ಟೇ, ವೈರಸ್ ತಡೆಯುವುದು ಅದರ ಕೆಲಸವಲ್ಲ. ಬೀಗದ ಗುರುತು ಹೇಳುವುದು ದಾರಿಯಲ್ಲಿ ಯಾರೂ ಕದ್ದು ಓದಲಾರರು ಎಂದು. ಆ ತುದಿಯಲ್ಲಿ ಕೂತವನು ಕಳ್ಳನೇ ಆಗಿದ್ದರೂ ಬೀಗ ಇರುತ್ತದೆ, ಪ್ರಮಾಣಪತ್ರ ಅವನಿಗೂ ಪುಕ್ಕಟೆ ಸಿಗುತ್ತದೆ. ವಿಳಾಸದಲ್ಲಿ ಮೊದಲ ಒಂಟಿ ಓರೆಗೆರೆಗಿಂತ ಹಿಂದಿನ ಹೆಸರನ್ನು ಒಂದೊಂದೇ ಅಕ್ಷರ ಓದಿ.